ನಾವು ಎಳೆಯದ ಗೆರೆಗಳು: ಐಕ್ಯ ಸಭೆಯ ಚರಿತ್ರೆಯಿಂದ ಕೆಲವು ಪಾಠಗಳು



ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನದೋ ಮುತ್ತಜ್ಜಿಯದೋ ದೀಕ್ಷಾಸ್ನಾನದ ಪತ್ರ ಉಳಿದಿದ್ದರೆ ಒಮ್ಮೆ ಹೊರತೆಗೆದು ನೋಡಿರಿ. ಅದು 1947ಕ್ಕೆ ಹಿಂದಿನದಾದರೆ ಅದರ ತಲೆಬರಹದಲ್ಲಿ ಇಂದು ನೀವು ಬಳಸುವ ಸಭೆಯ ಹೆಸರು ಇರುವುದಿಲ್ಲ. ಊರು ತುಮಕೂರೋ ಹಾಸನವೋ ಮೈಸೂರೋ ಆಗಿದ್ದರೆ ಬಹುಶಃ ವೆಸ್ಲಿಯನ್ ಮಿಷನ್ನಿನ ಹೆಸರಿರುತ್ತದೆ. ಬಳ್ಳಾರಿಯ ಕಡೆಯದಾದರೆ ಲಂಡನ್ ಮಿಷನ್ನಿನದು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಕಡೆಯದಾದರೆ ಬಾಸೆಲ್ ಮಿಷನ್ನಿನದು. ಒಂದೇ ಕನ್ನಡ ನುಡಿಯನ್ನಾಡುವ, ಒಂದೇ ಕನ್ನಡ ಬೈಬಲನ್ನು ಓದುವ ಜನರು ಮೂರು ನಾಲ್ಕು ಹೆಸರುಗಳ ಕೆಳಗೆ ಹಂಚಿಹೋಗಿದ್ದರು.

ಈ ಹಂಚಿಕೆ ಹೇಗಾಯಿತು? ನಮ್ಮ ಹಿರಿಯರು ಜಾನ್ ವೆಸ್ಲಿಯ ಬೋಧನೆಯನ್ನೂ ಜಾನ್ ಕ್ಯಾಲ್ವಿನನ ಬೋಧನೆಯನ್ನೂ ತೂಗಿನೋಡಿ ಒಂದನ್ನು ಆರಿಸಿಕೊಂಡವರಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬಾಸೆಲ್ ಮಿಷನ್ನಿನ ಮೂವರು 1834ರಲ್ಲಿ ಕರಾವಳಿಯಲ್ಲಿ ಇಳಿದು ಮಂಗಳೂರಿನಲ್ಲಿ ನೆಲೆಯೂರಿದರು. ವೆಸ್ಲಿಯನ್ನರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದರು. ಒಬ್ಬರ ಹೊಲದಲ್ಲಿ ಮತ್ತೊಬ್ಬರು ಬಿತ್ತಬಾರದೆಂದು ಮಿಷನ್ನುಗಳು ತಮ್ಮತಮ್ಮಲ್ಲಿ ಸೀಮೆಗಳನ್ನು ಗೊತ್ತುಮಾಡಿಕೊಂಡವು. ಜಗಳವನ್ನು ತಪ್ಪಿಸುವ ಒಳ್ಳೆಯ ಉದ್ದೇಶ ಅದರಲ್ಲಿತ್ತು. ಆದರೆ ಅದರ ಫಲವಾಗಿ ಒಬ್ಬ ವಿಶ್ವಾಸಿಯು ಯಾವ ಪಂಗಡದವನೆಂಬುದನ್ನು ಅವನು ಹುಟ್ಟಿದ ತಾಲ್ಲೂಕು ನಿಶ್ಚಯಿಸುವಂತಾಯಿತು. ಯೂರೋಪಿನಲ್ಲಿ ಹದಿನಾರು, ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ನಡೆದ ವ್ಯಾಜ್ಯಗಳ ಗೆರೆಗಳು ನಮ್ಮ ಹೊಲಗದ್ದೆಗಳ ಮೇಲೆ ಬಿದ್ದವು. ಅವು ನಾವು ಎಳೆದ ಗೆರೆಗಳಲ್ಲ.

ಹಾಗೆಂದು ಆ ಮಿಷನೆರಿಗಳನ್ನು ಸುಲಭವಾಗಿ ದೂರುವಂತಿಲ್ಲ. ಕೂಡಿ ದುಡಿಯುವ ಪಾಠವೂ ಅವರಿಂದಲೇ ಆರಂಭವಾಯಿತು. ಹ್ಯಾಂಡ್ಸರ ಶ್ರಮದಿಂದ 1831ರ ವೇಳೆಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಅದನ್ನು ಮುಂದೆ ತಿದ್ದಿ ಪರಿಷ್ಕರಿಸುವಾಗ ಬೇರೆ ಬೇರೆ ಮಿಷನ್ನಿನವರು ಒಂದೇ ಕೆಲಸಕ್ಕೆ ಕೈಜೋಡಿಸಿದರು. 1910ರಲ್ಲಿ ಹಲವು ಮಿಷನ್ನುಗಳು ಸೇರಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದವು. ಬೈಬಲಿನ ಮುಂದೆ ಒಟ್ಟಿಗೆ ಕುಳಿತವರು, ಒಂದೇ ತರಗತಿಯಲ್ಲಿ ಕಲಿತವರು, ಭಾನುವಾರ ಮಾತ್ರ ಕರ್ತನ ಮೇಜಿನ ಬಳಿಗೆ ಬೇರೆ ಬೇರೆಯಾಗಿ ಹೋಗಬೇಕಾಗಿತ್ತು. ಬಿಷಪರಿಂದ ದೃಢೀಕರಣ ಹೊಂದದವರು ಆಂಗ್ಲಿಕನ್ ಸಭೆಯಲ್ಲಿ ಸಂಸ್ಕಾರಕ್ಕೆ ಸೇರಬಾರದೆಂಬುದು ನಿಯಮ. ಕೆಲಸ ಹುಡುಕಿಕೊಂಡು ಊರು ಬಿಟ್ಟ ಕುಟುಂಬಕ್ಕೆ ಇದರ ನೋವು ತಟ್ಟುತ್ತಿತ್ತು. ತನ್ನ ಊರಿನಲ್ಲಿ ಸಭೆಯ ಮಗಳಾಗಿದ್ದವಳು ಪಟ್ಟಣದಲ್ಲಿ ಅತಿಥಿಯಾಗಿ ಹಿಂದಿನ ಬೆಂಚಿನಲ್ಲಿ ಕೂರಬೇಕಾಗಿತ್ತು.

ಗೆರೆಗಳನ್ನು ಅಳಿಸುವ ಮೊದಲ ದೊಡ್ಡ ಪ್ರಯತ್ನ 1908ರಲ್ಲಿ ಫಲಿಸಿತು. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. ಮಲಬಾರಿನ ಬಾಸೆಲ್ ಮಿಷನ್ ಸಭೆಗಳು 1919ರಲ್ಲಿ ಅದಕ್ಕೆ ಸೇರಿದವು. ಆದರೆ ಬಿಷಪರಿರುವ ಸಭೆಯೂ ಬಿಷಪರಿಲ್ಲದ ಸಭೆಯೂ ಒಂದಾಗುವುದು ಬೇರೆಯೇ ಮಾತು. ಅಂಥದು ಲೋಕದಲ್ಲಿ ಎಲ್ಲಿಯೂ ನಡೆದಿರಲಿಲ್ಲ.

ಆ ಮಾತನ್ನು ಎತ್ತಿದವರಲ್ಲಿ ಮುಖ್ಯರು ವೇದನಾಯಗಂ ಸಾಮುವೇಲ್ ಅಜರಯ್ಯ. 1874ರಲ್ಲಿ ತಿರುನಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಗ್ರಾಮದಲ್ಲಿ ಹುಟ್ಟಿದ ಇವರು 1912ರ ಡಿಸೆಂಬರಿನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದರು. 1910ರ ಎಡಿನ್‌ಬರೋ ಮಿಷನೆರಿ ಸಮ್ಮೇಳನದಲ್ಲಿ, ನಮಗಾಗಿ ನೀವು ಬಹಳ ತ್ಯಾಗ ಮಾಡಿದ್ದೀರಿ, ಆದರೆ ನಮಗೆ ಬೇಕಾದದ್ದು ಸ್ನೇಹ ಎಂಬ ಅರ್ಥದ ಮಾತನ್ನು ಅಳುಕದೆ ಹೇಳಿದ್ದವರು ಇವರೇ. ದೋರ್ನಕಲ್ಲಿನಲ್ಲಿ ಇವರ ಕೈಕೆಳಗೆ ಬೆಳೆದ ಸಭೆಗೆ ಬಂದವರಲ್ಲಿ ಬಹಳ ಮಂದಿ ಮಾಲ ಮತ್ತು ಮಾದಿಗ ಸಮುದಾಯದ ಬಡವರು. ಆ ಎರಡು ಸಮುದಾಯಗಳ ನಡುವೆಯೇ ಊಟ ನೀರಿನ ಅಂತರವಿತ್ತು. ಆ ಅಂತರವನ್ನು ಬಿಟ್ಟು ಒಂದೇ ಪಾತ್ರೆಯಿಂದ ಕುಡಿಯಿರಿ ಎಂದು ಹಳ್ಳಿಯವರಿಗೆ ಹೇಳಬೇಕಾದ ಬಿಷಪರು, ತಾವೇ ಮತ್ತೊಂದು ಮಿಷನ್ನಿನ ಕ್ರೈಸ್ತನೊಡನೆ ಒಂದೇ ಪಾತ್ರೆಯಿಂದ ಕುಡಿಯಲಾರದಿದ್ದರೆ ಆ ಬೋಧನೆಗೆ ಬೆಲೆಯೇನು? ಐಕ್ಯವಿಲ್ಲದೆ ಸುವಾರ್ತೆಯ ಸಾಕ್ಷಿಗೆ ಬಲವಿಲ್ಲವೆಂಬುದು ಅಜರಯ್ಯನವರ ಜೀವಮಾನದ ನಂಬಿಕೆಯಾಗಿತ್ತು.

1919ರ ಮೇ ತಿಂಗಳ ಮೊದಲ ಎರಡು ದಿನ ತರಂಗಂಬಾಡಿಯಲ್ಲಿ ಒಂದು ಚಿಕ್ಕ ಕೂಟ ನಡೆಯಿತು. ಬಂದಿದ್ದವರು 33 ಜನ. ಇಬ್ಬರ ಹೊರತು ಉಳಿದವರೆಲ್ಲ ಭಾರತೀಯರು. ಸ್ಥಳವನ್ನು ಗಮನಿಸಿರಿ. ಸೀಗನ್‌ಬಾಲ್ಗ್ ಮತ್ತು ಪ್ಲುಟ್ಶೌ 1706ರಲ್ಲಿ ಹಡಗಿನಿಂದಿಳಿದು ಭಾರತದಲ್ಲಿ ಪ್ರೊಟೆಸ್ಟೆಂಟ್ ಮಿಷನ್ ಕಾರ್ಯವನ್ನು ಆರಂಭಿಸಿದ ಊರದು. ಇನ್ನೂರು ವರ್ಷಗಳ ಮೇಲೆ ಅದೇ ಕಡಲ ತೀರದಲ್ಲಿ ಭಾರತೀಯ ಸಭಾಪಾಲಕರು ಕುಳಿತು, ನಮ್ಮನ್ನು ದುರ್ಬಲಗೊಳಿಸಿರುವ ಈ ಒಡಕುಗಳು ನಮ್ಮಿಂದಾದವುಗಳಲ್ಲ, ಇವನ್ನು ಮುಂದುವರಿಸುವ ಬಯಕೆಯೂ ನಮಗಿಲ್ಲ ಎಂಬ ಅಭಿಪ್ರಾಯವನ್ನು ಬರೆದು ಪ್ರಕಟಿಸಿದರು. ಐಕ್ಯಕ್ಕೆ ನಾಲ್ಕು ಆಧಾರಗಳನ್ನು ಅವರು ಮುಂದಿಟ್ಟರು: ಪವಿತ್ರ ಶಾಸ್ತ್ರ, ಪುರಾತನ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನವೆಂಬ ಎರಡು ಸಂಸ್ಕಾರಗಳು, ಪರಂಪರಾಗತವಾದ ಬಿಷಪರ ಸೇವೆ.

ಮೊದಲ ಮೂರನ್ನು ಒಪ್ಪುವುದು ಕಷ್ಟವಾಗಲಿಲ್ಲ. ನಾಲ್ಕನೆಯದು ಗಂಟಾಯಿತು. ಆ ಗಂಟನ್ನು ಬಿಡಿಸಲು 28 ವರ್ಷಗಳು ಬೇಕಾದವು. ಬಿಷಪರ ಕೈಯಿಂದ ಅಭಿಷೇಕವಾಗದ ಸಭಾಪಾಲಕನ ಸೇವೆಯನ್ನು ಹೇಗೆ ಒಪ್ಪುವುದೆಂದು ಆಂಗ್ಲಿಕನ್ನರಲ್ಲಿ ಹಲವರು ಕೇಳಿದರು. ಇಷ್ಟು ದಿನ ದೇವರು ಆಶೀರ್ವದಿಸಿದ ನಮ್ಮ ಸೇವೆಯನ್ನು ಅಪೂರ್ಣವೆಂದು ಒಪ್ಪಿಕೊಂಡು ಮತ್ತೆ ಅಭಿಷೇಕಕ್ಕೆ ತಲೆಬಾಗಬೇಕೋ ಎಂದು ಇತರರು ಕೇಳಿದರು. ಎರಡು ಪ್ರಶ್ನೆಗಳೂ ಪ್ರಾಮಾಣಿಕವಾಗಿದ್ದವು. 1929ರಲ್ಲಿ ಮೊದಲ ಯೋಜನೆ ಅಚ್ಚಾಯಿತು. ಅನಂತರ ಮತ್ತೆ ಮತ್ತೆ ತಿದ್ದುಪಡಿಗಳಾದವು.

ಕೊನೆಗೆ ಕಂಡುಕೊಂಡ ದಾರಿ ಸರಳವಾಗಿತ್ತು. ಇಂದು ಸೇವೆಯಲ್ಲಿರುವ ಎಲ್ಲ ಸಭಾಪಾಲಕರನ್ನೂ ಪುನಃ ಅಭಿಷೇಕವಿಲ್ಲದೆ ಇದ್ದಂತೆಯೇ ಸ್ವೀಕರಿಸುವುದು. ಮುಂದಿನ ಅಭಿಷೇಕಗಳನ್ನೆಲ್ಲ ಬಿಷಪರು ನಡೆಸುವುದು. 30 ವರ್ಷಗಳಲ್ಲಿ ಎರಡೂ ಧಾರೆಗಳು ತಾವಾಗಿಯೇ ಬೆರೆಯಲು ಬಿಡುವುದು. ಅದರೊಡನೆ ಒಂದು ವಾಗ್ದಾನ: ಯಾವ ಸಭೆಯ ಮನಸ್ಸಾಕ್ಷಿಗೆ ನೋವಾಗುವುದೋ ಅಂಥ ಸಭಾಪಾಲಕನನ್ನಾಗಲಿ ಆರಾಧನಾ ಕ್ರಮವನ್ನಾಗಲಿ ಆ ಸಭೆಯ ಮೇಲೆ ಹೇರುವುದಿಲ್ಲ. ಓದುಗರೇ, ಇದನ್ನು ಸ್ವಲ್ಪ ಯೋಚಿಸಿರಿ. ಎಲ್ಲ ಭಿನ್ನಾಭಿಪ್ರಾಯಗಳು ತೀರಿದ ಮೇಲೆ ಒಂದಾಗೋಣವೆಂದು ಅವರು ಕಾಯಲಿಲ್ಲ. ಒಂದಾಗಿ ಬಾಳುತ್ತಾ ತೀರಿಸಿಕೊಳ್ಳೋಣವೆಂದರು. ಮದುವೆಯಾದ ಮನೆಯಲ್ಲಿ ನಡೆಯುವುದೂ ಇದೇ ಅಲ್ಲವೇ? ಎರಡು ಮನೆಗಳ ಅಡುಗೆಯ ರುಚಿ ಮದುವೆಯ ದಿನವೇ ಒಂದಾಗುವುದಿಲ್ಲ.

ದಕ್ಷಿಣ ಭಾರತದ ಮೆಥೊಡಿಸ್ಟರು 1943ರಲ್ಲಿ, ಆಂಗ್ಲಿಕನ್ ಸಭೆಯ ಮಹಾಸಭೆಯು 1945ರಲ್ಲಿ, ಸಂಯುಕ್ತ ಸಭೆಯು 1946ರಲ್ಲಿ ಒಪ್ಪಿಗೆ ಕೊಟ್ಟವು. ಅಜರಯ್ಯನವರು 1945ರ ಜನವರಿ 1ರಂದು ನಿಧನರಾದರು. ಕಾಲು ಶತಮಾನ ದುಡಿದ ಮನುಷ್ಯನು ಕೊಯ್ಲನ್ನು ಕಾಣಲಿಲ್ಲ. ವಾಗ್ದತ್ತ ದೇಶವನ್ನು ನೆಬೋ ಬೆಟ್ಟದ ಮೇಲಿಂದ ನೋಡಿದ ಮೋಶೆಯನ್ನು ಇದು ನೆನಪಿಗೆ ತರುತ್ತದೆ.

1947ರ ಸೆಪ್ಟೆಂಬರ್ 27, ಶನಿವಾರ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಗಳಾಗಿದ್ದವು. ಉತ್ತರದಲ್ಲಿ ದೇಶವು ಎರಡಾಗಿ ಸೀಳಿ, ಪಂಜಾಬಿನ ಹಾದಿಗಳಲ್ಲಿ ರಕ್ತ ಹರಿಯುತ್ತಿದ್ದ ದಿನಗಳವು. ಅದೇ ಹೊತ್ತಿನಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಬಿಷಪ್ ಸಿ. ಕೆ. ಜೇಕಬ್ ಅವರು ಮೂರು ಸಭೆಗಳು ಒಂದಾದುದನ್ನು ಘೋಷಿಸಿದರು. ಸುಮಾರು ಹತ್ತು ಲಕ್ಷ ವಿಶ್ವಾಸಿಗಳ ದಕ್ಷಿಣ ಭಾರತ ಸಭೆ ಹುಟ್ಟಿತು. 14 ಸಭಾಪ್ರಾಂತಗಳು, ಅಂದೇ ಅಭಿಷೇಕ ಹೊಂದಿದ 9 ಮಂದಿ ಹೊಸ ಬಿಷಪರು. ಅವರಲ್ಲಿ ಒಬ್ಬರು ಮೈಸೂರು ಸಭಾಪ್ರಾಂತದ ಮೊದಲ ಬಿಷಪರಾದ ಪಿ. ಗುರುಶಾಂತ. ಮೆಥೊಡಿಸ್ಟ್ ಪರಂಪರೆಯಿಂದ ಬಂದ ಕನ್ನಡಿಗರೊಬ್ಬರು ಕನ್ನಡ ನಾಡಿನ ಐಕ್ಯ ಸಭೆಯ ಬಿಷಪರಾದರು. ಮುಂದೆ ಆ ಒಂದು ಸಭಾಪ್ರಾಂತವೇ ಬೆಳೆದು ಉತ್ತರ, ಮಧ್ಯ, ದಕ್ಷಿಣ ಕರ್ನಾಟಕಗಳ ಮೂರು ಸಭಾಪ್ರಾಂತಗಳಾಯಿತು.

ಚರಿತ್ರೆಯನ್ನು ಸವಿಯಾಗಿ ಮಾತ್ರ ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ಎಲ್ಲರೂ ಅಂದು ಒಳಗೆ ಬರಲಿಲ್ಲ. ನಂದ್ಯಾಲದ ಹಲವು ಆಂಗ್ಲಿಕನ್ ಸಭೆಗಳು ಹೊರಗೆ ಉಳಿದು 1975ರಲ್ಲಿ ಸೇರಿದವು. ನಮ್ಮ ದಕ್ಷಿಣ ಕನ್ನಡ, ಧಾರವಾಡ ಕಡೆಗಳ ಬಾಸೆಲ್ ಮಿಷನ್ ಸಭೆಗಳೂ ಮೊದಲ ದಿನ ಸೇರಿದವುಗಳಲ್ಲ. ಅವುಗಳಲ್ಲಿ ಹೆಚ್ಚಿನವು ವರ್ಷಗಳ ಆಲೋಚನೆಯ ಮೇಲೆ ಬಂದವು. 1948ರಲ್ಲಿ ಕೂಡಿದ ಲ್ಯಾಂಬೆತ್ ಸಮ್ಮೇಳನವು ಹೊಸ ಸಭೆಯನ್ನು ಪೂರ್ಣ ಮನಸ್ಸಿನಿಂದ ಅಂಗೀಕರಿಸಲಿಲ್ಲ. ತಾಯಿಮನೆಯಿಂದಲೇ ಅನುಮಾನದ ನೋಟವನ್ನು ಹೊತ್ತು ಈ ಸಭೆಯು ದಶಕಗಳನ್ನು ಕಳೆಯಿತು. 1988ರ ಸಮ್ಮೇಳನಕ್ಕೆ ಅದರ ಬಿಷಪರು ಪೂರ್ಣ ಸದಸ್ಯರಾಗಿ ಹೋದಾಗ ನಾಲ್ವತ್ತು ವರ್ಷಗಳು ಕಳೆದಿದ್ದವು. ಆದರೆ ಅಷ್ಟರಲ್ಲಿ ಈ ಮಾದರಿ ಇತರರಿಗೆ ದಾರಿ ತೋರಿಸಿತ್ತು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆಯೂ ಹುಟ್ಟಿತು.

ಐಕ್ಯ ಸಭೆಯ ಒಂದು ಚಿಕ್ಕ ಕೊಡುಗೆಯನ್ನು ಇಲ್ಲಿ ನೆನೆಯಬೇಕು. 1950ರಲ್ಲಿ ಸಿದ್ಧವಾದ ಕರ್ತನ ಭೋಜನದ ಹೊಸ ಕ್ರಮದಲ್ಲಿ ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಸೇರಿಸಲಾಯಿತು. ಇದು ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಕಾಪಾಡಿಕೊಂಡು ಬಂದ ಆಚಾರ. ಸಭಾಪಾಲಕರು ಮೇಜಿನ ಹಿಂದೆ ನಿಂತು ಜನರಿಗೆ ಮುಖಮಾಡಿ ಸಂಸ್ಕಾರವನ್ನು ನಡೆಸುವ ಪದ್ಧತಿಯೂ ಈ ಕ್ರಮದಲ್ಲಿ ಬಂದಿತು. ಮುಂದೆ ಇಂಥವು ಲೋಕದ ಅನೇಕ ಸಭೆಗಳ ಆರಾಧನೆಯಲ್ಲಿ ಕಾಣಿಸಿಕೊಂಡವು. ಜೋಡಿಸಿದ ಕೈಗಳ ನಡುವೆ ನೆರೆಯವರ ಕೈಗಳನ್ನು ಹಿಡಿಯುವ ಆ ಕ್ಷಣವನ್ನು ನಾವು ಪ್ರತಿ ಸಂಸ್ಕಾರದಲ್ಲೂ ಅನುಭವಿಸುತ್ತೇವೆ. ಆದರೆ ಯಾರ ಕೈ ಹಿಡಿಯುತ್ತೇವೆ? ನಮ್ಮ ಬೆಂಚಿನಲ್ಲಿ ಕೂತ ನಮ್ಮ ಬಂಧುವಿನದನ್ನೋ, ಹೋದ ವರ್ಷದ ಸಭಾ ಚುನಾವಣೆಯಿಂದ ನಮ್ಮೊಡನೆ ಮಾತು ಬಿಟ್ಟವರದನ್ನೋ?

ಇಲ್ಲಿಗೆ ಚರಿತ್ರೆಯು ನಮ್ಮ ಮನೆಯ ಬಾಗಿಲಿಗೆ ಬಂತು. ತರಂಗಂಬಾಡಿಯಲ್ಲಿ ಕುಳಿತವರು, ಈ ಒಡಕು ನಮ್ಮದಲ್ಲವೆಂದು ನಿಜವಾಗಿ ಹೇಳಬಹುದಾಗಿತ್ತು. ನಾವು ಹಾಗೆ ಹೇಳಬಲ್ಲೆವೇ? ಪರದೇಶದಿಂದ ಬಂದ ಗೆರೆಗಳನ್ನು ಅಳಿಸಿದ ಮೇಲೆ ಉಳಿದಿರುವವು ನಮ್ಮವೇ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಗೊಂದು ಆಸನವಿರಕೂಡದೆಂದು ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿಯೇ ಅಪ್ಪಣೆ ಮಾಡಿದ್ದರು. ಆಸನಗಳು ಒಂದಾದರೂ ಮದುವೆಯ ಮಾತು ಬಂದಾಗ ನಾವು ಏನು ವಿಚಾರಿಸುತ್ತೇವೆಂಬುದು ನಮಗೆ ಗೊತ್ತು. ಕನ್ನಡದ ಆರಾಧನೆಯವರು, ತಮಿಳಿನ ಆರಾಧನೆಯವರು, ತೆಲುಗಿನವರು, ಇಂಗ್ಲಿಷಿನವರು ಒಂದೇ ಅಂಗಳದಲ್ಲಿ ಬೇರೆ ಬೇರೆ ಹೊತ್ತಿಗೆ ಬಂದು, ಒಬ್ಬರ ಹೆಸರು ಒಬ್ಬರಿಗೆ ತಿಳಿಯದೆ ಹೋಗುವುದನ್ನು ನಗರಗಳಲ್ಲಿ ಕಾಣುತ್ತೇವೆ. ಆಸ್ತಿಗಾಗಿ, ಅಧಿಕಾರಕ್ಕಾಗಿ ಸಹೋದರನು ಸಹೋದರನನ್ನು ನ್ಯಾಯಾಲಯಕ್ಕೆ ಎಳೆಯುವುದನ್ನೂ ಕಾಣುತ್ತೇವೆ. 28 ವರ್ಷ ತಾಳ್ಮೆಯಿಂದ ಕುಳಿತು ಮಾತಾಡಿದವರ ಮಕ್ಕಳು ಒಂದು ಸಂಜೆಯ ಸಭಾಕೂಟದಲ್ಲಿ ತಾಳ್ಮೆ ಕಳೆದುಕೊಳ್ಳುತ್ತೇವೆ.

ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಕರ್ತನು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ತನ್ನವರ ಐಕ್ಯಕ್ಕಾಗಿ ತಂದೆಯನ್ನು ಬೇಡಿಕೊಂಡನು. ಲೋಕವು ನಂಬುವಂತಾಗಲಿ ಎಂಬುದು ಆ ಬೇಡಿಕೆಯ ಉದ್ದೇಶವಾಗಿತ್ತು. ಹಿರಿಯರು 1947ರಲ್ಲಿ ಒಂದು ದಸ್ತಾವೇಜಿಗೆ ಸಹಿ ಹಾಕಿದರು. ಅದನ್ನು ಬಾಳುವ ಕೆಲಸವನ್ನು ಕುಟುಂಬಗಳಿಗೆ ಬಿಟ್ಟುಹೋದರು. ಅದಕ್ಕೆ ದೊಡ್ಡ ಸಮ್ಮೇಳನ ಬೇಕಾಗಿಲ್ಲ. ನಿಮ್ಮ ಸಭೆಗೆ ಹೊಸದಾಗಿ ಬಂದ ಕುಟುಂಬವನ್ನು ಈ ತಿಂಗಳು ಊಟಕ್ಕೆ ಕರೆಯಿರಿ. ಬೇರೆ ಭಾಷೆಯ ಆರಾಧನೆಗೆ ಮಕ್ಕಳೊಡನೆ ಒಂದು ಭಾನುವಾರ ಹೋಗಿ ಬನ್ನಿರಿ. ಮಾತು ಬಿಟ್ಟವರ ಮನೆಯ ಬಾಗಿಲನ್ನು ಅವರು ಬರುವುದಕ್ಕೆ ಮೊದಲೇ ನೀವು ತಟ್ಟಿರಿ.

ಆ ಹಳೆಯ ದೀಕ್ಷಾಸ್ನಾನದ ಪತ್ರವನ್ನು ಪೆಟ್ಟಿಗೆಯಲ್ಲಿ ಮತ್ತೆ ಇಡುವ ಮೊದಲು ಮಕ್ಕಳನ್ನು ಕರೆದು ತೋರಿಸಿರಿ. ತಲೆಬರಹದಲ್ಲಿರುವ ಮಿಷನ್ನಿನ ಹೆಸರು ಏಕೆ ಬದಲಾಯಿತೆಂದು ಅವರು ಕೇಳಿದರೆ ಈ ಕಥೆಯನ್ನು ಹೇಳಿರಿ. ಅದರ ಕೆಳಗೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಡೆದ ಆ ಸ್ನಾನವು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ ಆಗಿದೆಯೆಂಬುದನ್ನೂ ಹೇಳಿರಿ.