ಮನೆ ಮೊದಲು, ಪ್ರೀತಿ ಆಮೇಲೆ

ಭೂಕಂಪ ಅಂಥ ದೊಡ್ಡದೇನಲ್ಲ. ಆದರೂ ಅಪ್ಪ ಆಸೆಪಟ್ಟು ಕಟ್ಟಿಸಿದ ಹೊಚ್ಚ ಹೊಸ ಮನೆ ಕುಸಿದು ಕೂರುತ್ತದೆ. ತಾಯಿಯಿಲ್ಲದ ಹೈಸ್ಕೂಲು ಹುಡುಗಿ ಕೊತೊಕೊ, ಗಂಟುಮೂಟೆ ಕಟ್ಟಿಕೊಂಡು ಅಪ್ಪನ ಜೊತೆ ಅವರ ಹಳೆಯ ಗೆಳೆಯರ ಮನೆಗೆ ಹೊರಡುತ್ತಾಳೆ. ಬಾಗಿಲು ತೆಗೆದಾಗ ಎದುರಿಗೆ ನಿಂತವನು ನಾವೊಕಿ ಇರಿಎ. ಇವಳು ಕೊಟ್ಟ ಪ್ರೇಮಪತ್ರವನ್ನು ಕೈಯಲ್ಲೂ ಹಿಡಿಯದೆ ಬೇಡ ಎಂದಿದ್ದ ಹುಡುಗ ಅವನೇ. ಕಾವೊರು ತಾದಾ 1990ರಲ್ಲಿ ‘ಬೆಸ್ಸಾತ್ಸು ಮಾರ್ಗರೆಟ್’ ಮಾಸಿಕದಲ್ಲಿ ಆರಂಭಿಸಿದ ‘ಇತಾಜುರಾ ನಾ ಕಿಸ್’ ಎಂಬ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಶುರುವಾಗುವುದು ಹೀಗೆ.

ನಾನು ಮೊದಲು ಓದಿ ಮುಗಿಸಿದ ಮಾಂಗಾ ಇದು. ಮದುವೆಯಾಗಿ ತಿಪಟೂರಿನ ಕೂಡುಕುಟುಂಬಕ್ಕೆ ಸೊಸೆಯಾಗಿ ಹೋಗಿ, ಅಲ್ಲಿಂದ ಗಂಡನ ಕೆಲಸದ ನಿಮಿತ್ತ ಟೋಕಿಯೊದ ನಿಶಿಕಸಾಯ್‌ಗೆ ಬಂದಿದ್ದೆ. ಭಾರತೀಯರು ಸಾಕಷ್ಟಿರುವ ಬಡಾವಣೆ. ತರಕಾರಿಗೂ ಬೇಳೆಗೂ ಪರದಾಡಬೇಕಿರಲಿಲ್ಲ, ಭಾಷೆಗೆ ಮಾತ್ರ ಪರದಾಟ. ಹುಡುಗಿಯರ ಮಾಂಗಾಗಳಲ್ಲಿ ಕಷ್ಟದ ಕಾಂಜಿ ಅಕ್ಷರಗಳ ಪಕ್ಕ ಉಚ್ಚಾರಣೆಯನ್ನು ಪುಟ್ಟ ಹಿರಗಾನ ಲಿಪಿಯಲ್ಲಿ ಅಚ್ಚು ಹಾಕಿರುತ್ತಾರೆ. ಆ ಪುಟ್ಟ ಅಕ್ಷರಗಳನ್ನೇ ಹಿಡಿದುಕೊಂಡು ಓದಿದೆ. ಓದುತ್ತ ಹೋದಂತೆ ಭಾಷೆಗಿಂತ ಹೆಚ್ಚಾಗಿ ಆ ಮನೆಗಳು ನನ್ನನ್ನು ಕಟ್ಟಿಹಾಕಿದವು. ಎಷ್ಟೊಂದು ಕಥೆಗಳಲ್ಲಿ ಹುಡುಗಿ ಯಾರದೋ ಮನೆಗೆ ವಾಸಕ್ಕೆ ಹೋಗುತ್ತಾಳೆ! ವಾತಾರು ಯೊಶಿಜುಮಿಯ ‘ಮಾರ್ಮಲೇಡ್ ಬಾಯ್’ (1992) ಕಥೆಯಲ್ಲಿ ಎರಡು ಕುಟುಂಬಗಳ ಅಪ್ಪ ಅಮ್ಮಂದಿರು ಜೋಡಿ ಅದಲುಬದಲು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು ಒಂದೇ ಮನೆಯಲ್ಲಿ ಸಂಸಾರ ಹೂಡುತ್ತಾರೆ. ನಾತ್ಸುಕಿ ತಕಾಯಾ 1998ರಲ್ಲಿ ಆರಂಭಿಸಿದ ‘ಫ್ರೂಟ್ಸ್ ಬಾಸ್ಕೆಟ್’ನಲ್ಲಿ ಅನಾಥೆ ತೊಹರು ಗುಡಾರದಲ್ಲಿ ಮಲಗುತ್ತಿದ್ದವಳು ಸೊಹ್ಮಾ ಮನೆತನದವರ ಆಶ್ರಯಕ್ಕೆ ಬರುತ್ತಾಳೆ.

ಹುಡುಗ ಹುಡುಗಿಯನ್ನು ಒಂದೇ ಸೂರಿನಡಿ ತಂದರೆ ಕಥೆ ಸಲೀಸಾಗಿ ಓಡುತ್ತದೆ, ಅದಕ್ಕೇ ಹೀಗೆ ಬರೆಯುತ್ತಾರೆ ಎಂದು ಹೇಳುವವರಿದ್ದಾರೆ. ಅಷ್ಟೇ ಆಗಿದ್ದರೆ ಶಾಲೆಯೊಂದೇ ಸಾಕಿತ್ತು. ಜಪಾನಿನ ಹೆಂಗಸರು ಶತಮಾನಗಳಿಂದ ಬಾಳಿದ ಕ್ರಮವೇ ಇದು: ಮನೆ ಮೊದಲು, ಪ್ರೀತಿ ಹುಟ್ಟಿದರೆ ಆಮೇಲೆ. ಪ್ರಣಯ ಮಾಂಗಾ ಆ ಕ್ರಮವನ್ನು ಬಿಟ್ಟುಕೊಡಲಿಲ್ಲ. ಹೊಸ್ತಿಲು ದಾಟುವ ಹೆಣ್ಣಿನ ಸ್ಥಾನವನ್ನು ಬದಲಿಸಿತು. ಅವಳು ಸೊಸೆಯಾಗಿ ಬರುವುದಿಲ್ಲ, ಅತಿಥಿಯಾಗಿಯೋ ಬಾಡಿಗೆದಾರಳಾಗಿಯೋ ಮೇಲ್ವಿಚಾರಕಿಯಾಗಿಯೋ ಬರುತ್ತಾಳೆ. ಅಂದರೆ ಬೇಡವೆನಿಸಿದರೆ ಹೊರಟುಹೋಗಬಲ್ಲಳು. ಇಡೀ ಪ್ರಕಾರದ ಜೀವ ಅಡಗಿರುವುದು ಅಲ್ಲಿಯೇ ಎಂದು ನನ್ನ ಬಲವಾದ ನಂಬಿಕೆ.

ಹೆಣ್ಣು ಗಂಡಿನ ಮನೆಗೆ ಹೋಗುವುದು ಜಪಾನಿನಲ್ಲೂ ಅನಾದಿ ಕಾಲದ್ದಲ್ಲ. ಸಾವಿರ ವರ್ಷದ ಹಿಂದಿನ ಹೇಆನ್ ಕಾಲದ ಕುಲೀನರಲ್ಲಿ ಗಂಡೇ ರಾತ್ರಿ ಹೆಣ್ಣಿನ ಮನೆಗೆ ಬಂದು ಹೋಗುತ್ತಿದ್ದ. ಮೂರನೆಯ ರಾತ್ರಿ ಹುಡುಗಿಯ ಮನೆಯವರು ದಂಪತಿಗೆ ಮೊಚಿ ಎಂಬ ಅಕ್ಕಿಯ ಕಡುಬು ತಿನ್ನಿಸಿದರೆ ಮದುವೆ ಊರ್ಜಿತ. ಸಮುರಾಯ್ ಮನೆತನಗಳ ಕೈ ಮೇಲಾದಂತೆ ವಧು ಗಂಡನ ಮನೆ ಸೇರುವ ಪದ್ಧತಿ ಬಲವಾಯಿತು. ಮೇಜಿ ಸರ್ಕಾರ 1898ರ ನಾಗರಿಕ ಸಂಹಿತೆಯಲ್ಲಿ ಅದನ್ನು ಇಡೀ ದೇಶಕ್ಕೆ ಕಾನೂನು ಮಾಡಿತು. ಪ್ರತಿ ಮನೆಗೂ ಒಬ್ಬ ಯಜಮಾನ. ಅವನ ಒಪ್ಪಿಗೆಯಿಲ್ಲದೆ ಮನೆಯ ಯಾರೂ ಮದುವೆಯಾಗುವಂತಿಲ್ಲ. ಗಂಡಿಗೆ 30, ಹೆಣ್ಣಿಗೆ 25 ವರ್ಷ ತುಂಬುವವರೆಗೆ ಹೆತ್ತವರ ಒಪ್ಪಿಗೆಯೂ ಬೇಕು. ಮದುವೆಯಾದ ಹೆಣ್ಣಿನ ಹೆಸರನ್ನು ತವರಿನ ಕೊಸೆಕಿ, ಅಂದರೆ ಕುಟುಂಬ ದಾಖಲೆಯಿಂದ ತೆಗೆದು ಗಂಡನ ಮನೆಯ ಕೊಸೆಕಿಗೆ ಬರೆಯುತ್ತಿದ್ದರು.

ಬರೆಯುತ್ತಿದ್ದರು ಎಂದೆ, ಅದೂ ಕೂಡಲೇ ಅಲ್ಲ. ಸೊಸೆ ಮನೆಗೆ ಹೊಂದಿಕೊಂಡಳು ಎಂದು ಖಾತ್ರಿಯಾಗುವ ತನಕ, ಎಷ್ಟೋ ಕಡೆ ಅವಳು ಬಸುರಿಯಾಗುವ ತನಕ, ದಾಖಲೆಗೆ ಹೆಸರು ಸೇರಿಸದೆ ಕಾಯುತ್ತಿದ್ದರು. ಹೊಂದಲಿಲ್ಲ ಎಂದು ಅತ್ತೆ ಮಾವಂದಿರಿಗೆ ಅನ್ನಿಸಿದರೆ, ಮನೆಯ ರೀತಿನೀತಿಗೆ ಒಗ್ಗಲಿಲ್ಲವೆಂಬ ಒಂದೇ ಮಾತಿನ ಮೇಲೆ ವಾಪಸು ಕಳಿಸಿಬಿಡಬಹುದಿತ್ತು. ಸೇರಕ್ಕಿ ಒದ್ದು ಒಳಗೆ ಬಂದವಳು ನಾನು. ಹೊಸ ಮನೆಯಲ್ಲಿ ಸಾರಿಗೆ ಎಷ್ಟು ಹುಳಿ, ಯಾರಿಗೆ ಮೊದಲು ಬಡಿಸಬೇಕು ಎಂಬುದನ್ನು ಎಲ್ಲರ ಮುಖ ನೋಡುತ್ತಲೇ ಕಲಿತವಳು. ಹೆಸರೂ ದಾಖಲಾಗದೆ ಆ ಪರೀಕ್ಷೆಗೆ ನಿಂತ ಹೆಂಗಸರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯುದ್ಧ ಮುಗಿಯಿತು, ಹೊಸ ಸಂವಿಧಾನ ಬಂತು. 1947ರಲ್ಲಿ ತಿದ್ದುಪಡಿಯಾದ ನಾಗರಿಕ ಸಂಹಿತೆ ಯಜಮಾನನ ಅಧಿಕಾರವನ್ನು ಕಿತ್ತುಹಾಕಿತು. ಆದರೆ ಸ್ವತಂತ್ರವಾಗಿ ಬಾಳುವೆವೆಂದರೆ ಬಾಳಲು ಮನೆಗಳೇ ಇರಲಿಲ್ಲ. ಆಗಿನ ಅಂದಾಜಿನಂತೆ ದೇಶಕ್ಕೆ 42 ಲಕ್ಷ ಮನೆಗಳ ಕೊರತೆ. ಮಾಚಿಕೊ ಹಸೆಗಾವಾ 1946ರಲ್ಲಿ ಫುಕುವೊಕದ ಪತ್ರಿಕೆಯೊಂದರಲ್ಲಿ ಆರಂಭಿಸಿದ ‘ಸಜಾಎ-ಸಾನ್’ ನಾಲ್ಕು ಚೌಕದ ಚಿತ್ರಪಟ್ಟಿಯಲ್ಲಿ ಈ ಬವಣೆಯನ್ನು ಕಾಣಬಹುದು. ಸಜಾಎಯ ಗಂಡ ಮಸುವೊ ಬಾಡಿಗೆ ಮನೆಯ ಬೇಲಿಯನ್ನೇ ಕೊಯ್ದು ಸೌದೆ ಮಾಡಿ, ಮನೆಯ ಮಾಲೀಕನ ಸಿಟ್ಟಿಗೆ ಗುರಿಯಾಗಿ, ಹೆಂಡತಿ ಮಗುವಿನೊಂದಿಗೆ ಅತ್ತೆಮನೆ ಸೇರುತ್ತಾನೆ. ಮನೆ ಅಳಿಯನನ್ನು ಹಗುರವಾಗಿ ಕಾಣುತ್ತಿದ್ದ ಸಮಾಜದಲ್ಲಿ ಮಸುವೊ ನೆಮ್ಮದಿಯಾಗಿ ಮಾವನ ಜೊತೆ ಕೂತು ಸಾಕೆ ಕುಡಿಯುತ್ತಾನೆ. ಪತ್ನಿಯ ತವರಿನಲ್ಲಿದ್ದೂ ಅವನ ಕುಲನಾಮ ಅವನದೇ. ಹಸೆಗಾವಾ ಯಾವ ಭಾಷಣವನ್ನೂ ಮಾಡದೆ ಒಂದು ಹೊಸ ಕುಟುಂಬವನ್ನು ದೇಶದ ಮುಂದಿಟ್ಟರು.

ಹುಡುಗಿಯರ ಮಾಂಗಾಕ್ಕೆ ಪ್ರೇಮ ಇನ್ನೂ ಬಂದಿರಲಿಲ್ಲ. 1950ರ ದಶಕದಲ್ಲಿ ಅಲ್ಲಿ ಜನಪ್ರಿಯವಾಗಿದ್ದದ್ದು ತಾಯಿಯಿಂದ ಅಗಲಿದ ಮಗಳ ಗೋಳು. ಆಗಲೂ ಹುಡುಗಿ ಪರರ ಮನೆಗೆ ಹೋಗುತ್ತಿದ್ದಳು, ಆದರೆ ಕಣ್ಣೀರು ಹಾಕುವುದಕ್ಕೆ. ಗಂಡು ಹೆಣ್ಣಿನ ಒಲವನ್ನು ಆ ಪುಟಗಳಿಗೆ ಧೈರ್ಯವಾಗಿ ತಂದವರಲ್ಲಿ ಹಿದೆಕೊ ಮಿಜುನೊ ಮೊದಲ ಸಾಲಿನವರು. 1958ರಲ್ಲಿ ಅವರೂ ಒಂದು ಹೊಸ ಮನೆಗೆ ವಾಸಕ್ಕೆ ಬಂದವರೇ: ಟೋಕಿಯೊದ ತೊಕಿವಾ-ಸೊ ಎಂಬ ಎರಡಂತಸ್ತಿನ ಮರದ ವಠಾರಕ್ಕೆ. ಹೆಸರಾಂತ ಮಾಂಗಾ ಕಲಾವಿದ ಒಸಾಮು ತೆಜುಕಾ ಇದ್ದು ಹೋದ ಕಟ್ಟಡ ಅದು. ಇಶಿನೊಮೊರಿ, ಅಕತ್ಸುಕಾ ಎಂಬ ಮಾಂಗಾ ಕಲಾವಿದರು ಅಲ್ಲಿ ಒಂದೊಂದು ಕೋಣೆ ಹಿಡಿದು ಚಿತ್ರ ಬರೆಯುತ್ತಿದ್ದರು. ಅವರೊಂದಿಗೆ ಸೇರಿ ಒಂದೇ ಕಾವ್ಯನಾಮದಲ್ಲಿ ಕಥೆ ಹೆಣೆದ ಮಿಜುನೊ, ಆ ಗಂಡಸರ ವಠಾರದ ಏಕೈಕ ಮಾಂಗಾ ಕಲಾವಿದೆ. 1982ರಲ್ಲಿ ಕೆಡವಿದ್ದ ಆ ಕಟ್ಟಡವನ್ನು ಹಾಗೆಯೇ ಮತ್ತೆ ಕಟ್ಟಿ 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಮೆಟ್ಟಿಲು ಕಿರುಗುಟ್ಟುವುದನ್ನೂ ಬಿಟ್ಟಿಲ್ಲ.

ಈ ಬಗೆಯ ವಠಾರಗಳೇ ಮುಂದೆ ಪ್ರಣಯ ಮಾಂಗಾದ ನೆಲವಾದವು. ಹಳ್ಳಿಗಳಿಂದ ನಗರಕ್ಕೆ ಓದಲು, ದುಡಿಯಲು ಬಂದ ಯುವಕ ಯುವತಿಯರಿಗೆ ನಾಲ್ಕೂವರೆ ತತಾಮಿ ಚಾಪೆಯ ಕೋಣೆ, ಅಂದರೆ ಸುಮಾರು ಒಂಬತ್ತು ಅಡಿ ಉದ್ದ ಒಂಬತ್ತು ಅಡಿ ಅಗಲ. ಶೌಚಾಲಯ ಎಲ್ಲರಿಗೂ ಒಂದೇ, ಸ್ನಾನಕ್ಕೆ ಬೀದಿಯ ಸೆಂತೊ. 1968ರಲ್ಲಿ ಟೋಕಿಯೊ ಒಂದರಲ್ಲೇ ಅಂಥ ಸ್ನಾನಗೃಹಗಳು 2,600ಕ್ಕೂ ಹೆಚ್ಚಿದ್ದವು. ಮದುವೆಯ ರೀತಿಯೂ ಬದಲಾಗುತ್ತಿತ್ತು. 1930ರ ದಶಕದಲ್ಲಿ ಹತ್ತರಲ್ಲಿ ಸುಮಾರು ಏಳು ಮದುವೆಗಳು ಹಿರಿಯರು ಕುದುರಿಸಿದವು. 1960ರ ದಶಕದ ಕೊನೆಗೆ ಪ್ರೇಮವಿವಾಹಗಳ ಸಂಖ್ಯೆ ಅವನ್ನು ಹಿಂದೆ ಹಾಕಿತು. ಕಾಜುಒ ಕಾಮಿಮುರಾ 1972ರಲ್ಲಿ ‘ದೋಸೇ ಜಿದಾಯ್’ ಆರಂಭಿಸಿ, ಮದುವೆಯಾಗದೆ ಒಂದೇ ಕೋಣೆಯಲ್ಲಿ ಬಾಳುವ ಜೋಡಿಯ ಸುಖವನ್ನೂ ಕುದಿತವನ್ನೂ ಬರೆದಾಗ ಅದು ದೇಶದ ಬಾಯಿಮಾತಾಯಿತು.

ಇವೆಲ್ಲದರ ಬೆಳೆ ರೂಮಿಕೊ ತಾಕಾಹಾಶಿಯ ‘ಮೇಜೋನ್ ಇಕ್ಕೊಕು’. ‘ಬಿಗ್ ಕಾಮಿಕ್ ಸ್ಪಿರಿಟ್ಸ್’ನ 1980ರ ಮೊದಲ ಸಂಚಿಕೆಯಿಂದ 1987ರವರೆಗೆ ಬಂದ ಕಥೆ. ಹಳೆಯ ವಠಾರಕ್ಕೆ ಹೊಸ ಮೇಲ್ವಿಚಾರಕಿಯಾಗಿ ಕ್ಯೊಕೊ ಒತೊನಾಶಿ ಬರುತ್ತಾಳೆ. ಕೋಳಿಮರಿಯ ಚಿತ್ರವಿರುವ ಏಪ್ರನ್, ಕೈಯಲ್ಲಿ ಪೊರಕೆ, ಜೊತೆಗೊಂದು ಬಿಳಿ ನಾಯಿ. ಐದನೇ ಕೋಣೆಯ ಯೂಸಾಕು ಗೊದಾಯ್ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಓದುತ್ತಿರುವ ಹುಡುಗ. ಪಕ್ಕದ ಕೋಣೆಯ ಯೊತ್ಸುಯಾ ಗೋಡೆಗೇ ತೂತು ಕೊರೆದು ಒಳಗೆ ನುಗ್ಗುತ್ತಾನೆ, ಉಳಿದವರು ಬಾಟಲಿ ಹಿಡಿದು ಬಂದು ಅವನ ಕೋಣೆಯಲ್ಲೇ ಗದ್ದಲವೆಬ್ಬಿಸುತ್ತಾರೆ. ನಗಿಸುತ್ತ ನಗಿಸುತ್ತ ತಾಕಾಹಾಶಿ ನಿಧಾನವಾಗಿ ಹೇಳುವ ಸಂಗತಿ: ಕ್ಯೊಕೊ ವಿಧವೆ. ಮದುವೆಯಾಗಿ ಆರು ತಿಂಗಳೂ ತುಂಬುವ ಮೊದಲೇ ಗಂಡ ಸೊಯಿಚಿರೊ ತೀರಿಕೊಂಡ. ನಾಯಿಯ ಹೆಸರೂ ಸೊಯಿಚಿರೊ. ವಠಾರ ಅವಳ ಮಾವನದು.

ಈ ಕಥೆಯಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಪುಟಗಳು ಪ್ರೇಮದವಲ್ಲ, ಕೊಸೆಕಿಯವು. ಒತೊನಾಶಿ ಮನೆಯ ದಾಖಲೆಯಿಂದ ಹೊರಬಂದು ಹೊಸ ಬದುಕು ಹಿಡಿ ಎಂದು ಹೆತ್ತವರು ಪೀಡಿಸುತ್ತಾರೆ. ಮಾವನೂ ಬಹಳ ಮೃದುವಾಗಿ, ನಿನಗಿನ್ನೂ ಚಿಕ್ಕ ವಯಸ್ಸು ಎಂದು ಅದೇ ಸಲಹೆ ಕೊಡುತ್ತಾರೆ. ಯುದ್ಧಾನಂತರದ ಕಾನೂನು ಅವಳ ಕಡೆಗಿದೆ: ವಿಧವೆ ತನ್ನ ಇಚ್ಛೆಯಿಂದಲೇ ತವರಿನ ಕುಲನಾಮಕ್ಕೆ ಮರಳಬಹುದು, ಗಂಡನ ಕಡೆಯವರೊಂದಿಗಿನ ಸಂಬಂಧವನ್ನು ಕಡಿದುಕೊಳ್ಳಬಹುದು. ಅಜ್ಜಿಯ ಕಾಲದ ಹೆಣ್ಣಿಗೆ ಇಲ್ಲದಿದ್ದ ಬಾಗಿಲು ಇವಳಿಗೆ ತೆರೆದಿದೆ. ಕ್ಯೊಕೊ ದಾಟುವುದಿಲ್ಲ. ಯಾರೂ ಬಲವಂತ ಮಾಡದಿರುವಾಗ ತಾನಾಗಿ ಆ ಹೆಸರಿನಲ್ಲಿ ಉಳಿಯುತ್ತಾಳೆ, ಗೊದಾಯ್‌ನ ಮೇಲೆ ಮನಸ್ಸಾದ ಮೇಲೂ ವರ್ಷಗಟ್ಟಲೆ. ಅವಳು ಅನಿಶ್ಚಿತ ಸ್ವಭಾವದವಳು, ಸತಾಯಿಸುತ್ತಾಳೆ ಎಂದು ದೂರುವ ಓದುಗರನ್ನು ಕಂಡಿದ್ದೇನೆ. ನಾನು ಒಪ್ಪುವುದಿಲ್ಲ. ಒಂದು ಮನೆಯನ್ನು ಪ್ರೀತಿಸಿ ಸೇರಿದವಳಿಗೆ, ಆ ಪ್ರೀತಿ ಹೋದ ಮೇಲೂ ಮನೆ ಉಳಿದಿರುತ್ತದೆ. ಅದನ್ನು ಬಿಡುವ ಹೊತ್ತನ್ನು ಅವಳೇ ಗೊತ್ತುಮಾಡಬೇಕು. ಕೊನೆಗೆ ಮದುವೆಗೆ ಮುಂಚೆ ಗೊದಾಯ್ ಸೊಯಿಚಿರೊನ ಸಮಾಧಿಯ ಮುಂದೆ ನಿಂತು, ಅವಳ ಮನಸ್ಸಿನಲ್ಲಿರುವ ನಿಮ್ಮನ್ನೂ ಸೇರಿಸಿಯೇ ಅವಳನ್ನು ಕೈಹಿಡಿಯುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಮೊದಲ ಗಂಡನ ವಸ್ತುಗಳನ್ನು ಮಾವನಿಗೆ ಒಪ್ಪಿಸಲು ಹೊರಟಿದ್ದ ಕ್ಯೊಕೊ ಮರೆಯಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾಳೆ. ಪ್ರಣಯ ಮಾಂಗಾದಲ್ಲಿ ಇದಕ್ಕಿಂತ ದೊಡ್ಡ ಘಳಿಗೆಯನ್ನು ನಾನು ಓದಿಲ್ಲ.

ಕೊತೊಕೊಳ ಕಥೆಯಲ್ಲಿ ತಾದಾ ಬದಲಿಸಿದ್ದು ಅತ್ತೆಯ ಪಾತ್ರವನ್ನು. ಇರಿಎಯ ತಾಯಿಗೆ ಹೆಣ್ಣುಮಗು ಬೇಕೆಂಬ ಹಂಬಲ ಎಷ್ಟೆಂದರೆ, ಮಗ ಚಿಕ್ಕವನಿದ್ದಾಗ ಅವನಿಗೇ ಲಂಗ ತೊಡಿಸಿ ಫೋಟೊ ತೆಗೆಸಿದ್ದಾಳೆ. ಆ ಫೋಟೊ ಕೊತೊಕೊಳ ಕೈಗೆ ಸಿಕ್ಕಿ, ಅದನ್ನು ತೋರಿಸಿ ಹೆದರಿಸಿಯೇ ಅವನಿಂದ ಪಾಠ ಹೇಳಿಸಿಕೊಳ್ಳುತ್ತಾಳೆ. ಕಿರಿಮಗನ ಕೋಣೆ ತೆರವು ಮಾಡಿಸಿ ಇವಳಿಗೆ ಒಪ್ಪವಾಗಿ ಸಿಂಗರಿಸಿ ಕೊಡುವವಳೂ ಆ ತಾಯಿಯೇ. ಮಗ ಮನಸ್ಸು ಕೊಡುವುದಕ್ಕೆ ಎಷ್ಟೋ ಮೊದಲು ಅವನ ಅಮ್ಮ ಮನಸ್ಸು ಕೊಟ್ಟಿರುತ್ತಾಳೆ. ಇವಳನ್ನು ಪರೀಕ್ಷಿಸುವ ಮನೆ ಅದಲ್ಲ, ಬರಲೆಂದು ಕಾದಿದ್ದ ಮನೆ. ಸೊಸೆಯಾಗಿ ಬಾಳಿದ ಯಾವ ಹೆಣ್ಣಿಗೂ ಆ ಪುಟಗಳು ಬರಿಯ ತಮಾಷೆಯಾಗಿ ಕಾಣಲಾರವು. ತಾದಾ ಈ ಕಥೆಯನ್ನು ಮುಗಿಸಲಿಲ್ಲ. ಮನೆ ಬದಲಾಯಿಸುವಾಗ ಅಮೃತಶಿಲೆಯ ಮೇಜಿಗೆ ತಲೆ ಬಡಿದು, ಮಿದುಳಿನ ರಕ್ತಸ್ರಾವದಿಂದ 1999ರ ಮಾರ್ಚ್‌ನಲ್ಲಿ 38ನೆಯ ವಯಸ್ಸಿಗೇ ತೀರಿಕೊಂಡರು. ಆಮೇಲೆ ತೈವಾನಿನಲ್ಲಿ, ಕೊರಿಯಾದಲ್ಲಿ ಟಿವಿ ಧಾರಾವಾಹಿಗಳಾಗಿ ಕೊತೊಕೊ ಬೇರೆ ಬೇರೆ ಹೆಸರಿನಲ್ಲಿ ಬದುಕಿದಳು.

‘ಫ್ರೂಟ್ಸ್ ಬಾಸ್ಕೆಟ್’ ಇದೇ ಹಾದಿಯಲ್ಲಿ ಕತ್ತಲ ಕಡೆಗೆ ನಡೆದ ಕೃತಿ. ಸೊಹ್ಮಾ ಮನೆತನಕ್ಕೆ ಯಜಮಾನಿಕೆಯಿದೆ, ಯಾರು ಒಳಗೆ ಯಾರು ಹೊರಗೆ ಎಂಬ ಕಟ್ಟಳೆಯಿದೆ, ಪ್ರೀತಿಸಲು ಅಪ್ಪಣೆ ಬೇಕು. 1947ರಲ್ಲಿ ಕಾಗದದ ಮೇಲೆ ಸತ್ತ ‘ಮನೆ’ ಅಲ್ಲಿ ಶಾಪದ ರೂಪದಲ್ಲಿ ಉಸಿರಾಡುತ್ತದೆ. ಹೊರಗಿನಿಂದ ಬಂದ ಬಡ ಹುಡುಗಿಯಿಂದಲೇ ಅದು ಸಡಿಲವಾಗುವುದು.

ಈಚಿನ ದೊಡ್ಡ ಯಶಸ್ಸು, ಅಕುಮಿ ಅಗಿತೊಗಿಯ ಕಾದಂಬರಿಯಿಂದ ಬಂದ ‘ವತಾಶಿ ನೊ ಶಿಅವಸೆ ನಾ ಕೆಕ್ಕೊನ್’, ಮತ್ತೆ ಮೇಜಿ ಕಾಲದ ಛಾಯೆಗೇ ಮರಳಿದೆ. ಮಲತಾಯಿಯ ಕೈಯಲ್ಲಿ ಆಳಾಗಿ ಬೆಳೆದ ಮಿಯೊಳನ್ನು ಕಂಡುಕೇಳರಿಯದ ಕಿಯೊಕಾ ಕುದೊನ ಮನೆಗೆ ವಧುವಾಗಿ ಅಟ್ಟುತ್ತಾರೆ. ಅವಳು ಮಾಡಿದ ಮೊದಲ ಬೆಳಗಿನೂಟವನ್ನು ಅವನು ವಿಷದ ಅನುಮಾನದಿಂದ ಮುಟ್ಟುವುದಿಲ್ಲ. ಮುಂದೆ ಅದೇ ಕೈಯಡುಗೆಯ ಮಿಸೊ ಸಾರು ಕುಡಿದು ರುಚಿಯಾಗಿದೆ ಎಂದಾಗ ಮಿಯೊ ಅತ್ತುಬಿಡುತ್ತಾಳೆ. ಹಾಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಇಂಥ ಕಥೆ ಹೆಣ್ಣನ್ನು ಹಿಂದಕ್ಕೆ ಒಯ್ಯುತ್ತದೆ ಎಂಬ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮದುವೆಯಾದ ಜೋಡಿಗೆ ಒಂದೇ ಕುಲನಾಮವಿರಬೇಕೆಂಬ ನಿಯಮ ಜಪಾನಿನಲ್ಲಿ ಇಂದಿಗೂ ಇದೆ, ಸುಪ್ರೀಂ ಕೋರ್ಟು 2015ರಲ್ಲೂ 2021ರಲ್ಲೂ ಅದನ್ನು ಎತ್ತಿಹಿಡಿಯಿತು. ಹೆಸರು ಬಿಡುವವರು ನೂರರಲ್ಲಿ ಸುಮಾರು 95 ಹೆಂಗಸರೇ. ಹಳೆಯ ಮನೆ ಪೂರ್ತಿ ಕಳಚಿಲ್ಲ ಎಂದಾಯಿತು. ಆದರೂ ಮಿಯೊಳ ಕಣ್ಣೀರನ್ನು ನಾನು ಓದುವುದು ಬೇರೆ ರೀತಿ. 1898ರ ಕಾನೂನಿನಡಿ ಗುರುತಿಲ್ಲದ ಮನೆಗಳಿಗೆ ಹೋಗಿ, ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವರ ಮರಿಮೊಮ್ಮಕ್ಕಳೇ ಈ ಕಥೆಯನ್ನು ಬರೆದು, ಬಿಡಿಸಿ, ಕೊಂಡು ಓದುತ್ತಿರುವುದು. ಆ ಮುತ್ತಜ್ಜಿಯರಿಗೆ ಸಿಗಬೇಕಾಗಿದ್ದ ಒಂದು ಒಳ್ಳೆಯ ಮಾತನ್ನು ಇವರು ತಡವಾಗಿಯಾದರೂ ಗಂಡನ ಬಾಯಿಂದ ಆಡಿಸುತ್ತಿದ್ದಾರೆ.