ಹುಳುಕು ಹಲ್ಲಿನ ಹುಳು ಎಲ್ಲಿ ಹೋಯಿತು?



ಕೆಟ್ಟ ಹಲ್ಲಿಗೆ ನಾವು ‘ಹುಳುಕು ಹಲ್ಲು’ ಎನ್ನುತ್ತೇವೆ. ಹುಳು ಆ ಮಾತಿನೊಳಗೇ ಕುಳಿತಿದೆ. ಇದು ನಮ್ಮವರ ಕಲ್ಪನೆ ಮಾತ್ರವಲ್ಲ. ಪ್ರಾಚೀನ ಬ್ಯಾಬಿಲೋನಿಯಾದ ಮಣ್ಣಿನ ಫಲಕಗಳಲ್ಲಿಯೂ ಹಲ್ಲು ತಿನ್ನುವ ಹುಳುವಿನ ಕಥೆಯಿದೆ. ಸುಶ್ರುತಸಂಹಿತೆಯು 65 ಮುಖರೋಗಗಳನ್ನು ಎಣಿಸಿ, ಹಲ್ಲಿಗೆ ಸಂಬಂಧಿಸಿದ 8 ರೋಗಗಳಲ್ಲಿ ಒಂದನ್ನು ‘ಕೃಮಿದಂತಕ’ ಎಂದು ಕರೆಯುತ್ತದೆ. ಹಲ್ಲಿನಲ್ಲಿ ಬಿದ್ದ ತೂತು ಮರದ ತೊಲೆಯಲ್ಲಿ ಹುಳು ಕೊರೆದ ತೂತಿನಂತೆಯೇ ಕಾಣುವುದರಿಂದ ಈ ಊಹೆ ಸಹಜವಾಗಿತ್ತು.

ಊಹೆಗೆ ತಕ್ಕ ಚಿಕಿತ್ಸೆಯೂ ಇತ್ತು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಸುತ್ತಿದ್ದರು. ಬಳಿಕ ನೀರಿನ ಬಟ್ಟಲಿನಲ್ಲಿ ತೇಲುವ ಬಿಳಿಯ ಚೂರುಗಳನ್ನು ತೋರಿಸಿ ‘ಹುಳು ಉದುರಿತು’ ಎನ್ನುತ್ತಿದ್ದರು. ಯುರೋಪಿನ ಹಳ್ಳಿಗಳಲ್ಲಿಯೂ ಬೇರೊಂದು ಗಿಡದ ಬೀಜದಿಂದ ಇದೇ ಪ್ರಯೋಗ ನಡೆಯುತ್ತಿತ್ತು. ಆ ಚೂರುಗಳು ಕಾವಿಗೆ ಸಿಡಿದ ಬೀಜದೊಳಗಿನ ಮೊಳಕೆಗಳೇ ಹೊರತು ಹುಳುಗಳಲ್ಲ.

ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ತಮಗೆ ಹುಳು ಕಾಣಲಿಲ್ಲವೆಂದು ಬರೆದರು. ನಿಜವಾದ ಕಾರಣವನ್ನು 1890ರಲ್ಲಿ ವಿವರಿಸಿದವರು ಬರ್ಲಿನ್ನಿನಲ್ಲಿದ್ದ ಅಮೆರಿಕದ ವಿಜ್ಞಾನಿ ಡಬ್ಲ್ಯು. ಡಿ. ಮಿಲ್ಲರ್. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿಸುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಹೀಗೆ ಹುಳು ಹೋಯಿತು, ಸಕ್ಕರೆ ಉಳಿಯಿತು.

ನಮ್ಮಲ್ಲಿ ಹುಳುವಿಗಿಂತ ಹೆಚ್ಚು ಹಾನಿ ಮಾಡಿದ್ದು ಇನ್ನೊಂದು ನಂಬಿಕೆ: ‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ’ ಎಂಬುದು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಸಂಭ್ರಮ ನಿಮಗೆ ನೆನಪಿರಬಹುದು. ಆದರೆ 20 ಹಾಲುಹಲ್ಲುಗಳು ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾಯುವ ಕಾವಲುಗಾರರು. ಅವು ಅಕಾಲದಲ್ಲಿ ಹೋದರೆ ಹೊಸ ಹಲ್ಲು ಸೊಟ್ಟಗೆ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ನಾಲ್ಕು ದವಡೆಹಲ್ಲುಗಳು ಹುಟ್ಟುತ್ತವೆ. ಅವುಗಳಿಗಾಗಿ ಯಾವ ಹಲ್ಲೂ ಬೀಳುವುದಿಲ್ಲ. ಆದ್ದರಿಂದ ಅವೂ ಹಾಲುಹಲ್ಲೇ ಎಂದು ಮನೆಯವರು ಭಾವಿಸುತ್ತಾರೆ. ಅವು ಬಾಳಿನುದ್ದಕ್ಕೂ ಇರಬೇಕಾದ ಹಲ್ಲುಗಳು. ಅರಬೈಲು ಘಟ್ಟದ ದಾರಿಯ ಇಡಗುಂದಿಯಲ್ಲಿ ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ, ಎಂಟನೆಯ ಇಯತ್ತೆಗೆ ಬರುವಷ್ಟರಲ್ಲಿಯೇ ಈ ಹಲ್ಲುಗಳನ್ನು ಕಳೆದುಕೊಂಡ ಮಕ್ಕಳಿದ್ದರು. ಲವಂಗ ಕಚ್ಚಿಕೊಂಡು, ಊದಿದ ಕೆನ್ನೆಗೆ ಕೈಹಿಡಿದು ಕುಳಿತ ಮಗುವಿಗೆ ಯಾವ ವ್ಯಾಕರಣ ತಲೆಗೆ ಹತ್ತೀತು?

ಇದರಲ್ಲಿ ತಂದೆತಾಯಿಗಳ ಅಲಕ್ಷ್ಯವೊಂದೇ ಕಾರಣವಲ್ಲ, ದೂರವೂ ಕಾರಣ. ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದ್ ಕಲಕತ್ತೆಯಲ್ಲಿ ಸ್ಥಾಪಿಸಿದ್ದು 1920ರಲ್ಲಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಆರಂಭವಾದದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ನಮಗೆ ಸಮೀಪವೆನ್ನಬಹುದಾದ ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜು ಬಂದದ್ದು 1986ರಲ್ಲಿ. ಅದಕ್ಕೆ ಮೊದಲು ಹಲ್ಲುನೋವೆಂದರೆ ಮನೆಮದ್ದು, ತಾಳ್ಮೆ, ಕೊನೆಗೆ ಹಲ್ಲು ಕೀಳಿಸುವುದು. ಕೂಲಿ ಬಿಟ್ಟು, ಬಸ್ಸಿನ ಖರ್ಚು ಕೊಟ್ಟು, ‘ಬೀಳುವ ಹಲ್ಲಿಗಾಗಿ’ ಪಟ್ಟಣಕ್ಕೆ ಹೋಗುವವರು ಯಾರಿದ್ದರು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿ, ಶಾಲೆಗಳಿಗೇ ಬಂದು ಮಾಡುವ ತಪಾಸಣೆಯಲ್ಲಿ ಹಲ್ಲಿನ ತೊಂದರೆಯನ್ನೂ ಸೇರಿಸಿತು. ಇದು ಸಣ್ಣ ಸಂಗತಿಯಲ್ಲ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಅಜ್ಜ ಅಜ್ಜಿಯರು. ಮಗುವಿಗೆ ಜೋನಿಬೆಲ್ಲ ಕೊಡಬೇಡಿರೆಂದು ನಾನು ಹೇಳಲಾರೆ; ಊಟದ ಜೊತೆಗೆ ಕೊಡಿ, ದಿನವಿಡೀ ಸಿಹಿ ಚಪ್ಪರಿಸಲು ಬಿಡಬೇಡಿ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಬೇಡಿ. ಫ್ಲೋರೈಡ್ ಇರುವ ಪೇಸ್ಟಿನಿಂದ ಬೆಳಿಗ್ಗೆಯೂ, ಮಲಗುವ ಮುನ್ನವೂ ಹಲ್ಲುಜ್ಜಿಸಿ; ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಪೇಸ್ಟು ಸಾಕು. ಆರು ವರ್ಷವಾದೊಡನೆ ಬಾಯಿ ತೆರೆಸಿ ಹಿಂದಿನ ದವಡೆಯನ್ನು ನೋಡಿ. ಅಲ್ಲಿ ಕಪ್ಪು ಚುಕ್ಕೆ ಕಂಡರೆ ನೋವು ಬರುವವರೆಗೆ ಕಾಯದೆ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಚಿಕ್ಕದಿರುವಾಗ ತುಂಬಿಸಿದ ತೂತು ಹಲ್ಲನ್ನು ಉಳಿಸುತ್ತದೆ.