ಹುಲ್ಲು ಹರವಿದವರು

2012ರ ಆಗಸ್ಟ್ ತಿಂಗಳ ಒಂದು ಸಂಜೆ. ನಾನು ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಜಾರದಲ್ಲಿ ಟಿ.ವಿ. ಮುಂದೆ ಕೂತಿದ್ದ ಅಣ್ಣನ ಮಗ ಇದ್ದಕ್ಕಿದ್ದಂತೆ "ಹೇಮೇಕರ್! ಹೇಮೇಕರ್!" ಎಂದು ಕೂಗತೊಡಗಿದ. ಬೀದಿಕೊನೆಯ ಹೇಮಕ್ಕ ಬಂದಳೇನೋ ಎಂದುಕೊಂಡು ಸೌಟು ಹಿಡಿದೇ ಹೊರಗೆ ಬಂದೆ. ಹೇಮಕ್ಕ ಇರಲಿಲ್ಲ. ಟಿ.ವಿ.ಯಲ್ಲಿ ಇಬ್ಬರು ಹೆಂಗಸರು ಕೈಗವಸು ತೊಟ್ಟು ಗುದ್ದಾಡುತ್ತಿದ್ದರು.

ಅದು ಲಂಡನ್ ಒಲಿಂಪಿಕ್ಸ್. ಹೆಂಗಸರ ಬಾಕ್ಸಿಂಗ್ ಪದಕದ ಆಟವಾಗಿ ಒಲಿಂಪಿಕ್ಸಿಗೆ ಬಂದದ್ದೇ ಆ ವರ್ಷ. ಒಂದು ಕಡೆ ನಮ್ಮ ಮಣಿಪುರದ ಮೇರಿ ಕೋಮ್, ಅವಳಿ ಮಕ್ಕಳ ತಾಯಿ. ಎದುರಿಗೆ ಇಂಗ್ಲೆಂಡಿನ ನಿಕೋಲಾ ಆಡಮ್ಸ್. ಮೇರಿ ಹಿಂದೆ ಬಿದ್ದಿದ್ದಳು. "ಅತ್ತೆ, ಈಗ ಒಂದು ಹೇಮೇಕರ್ ಬಿಟ್ಟರೆ ಮಾತ್ರ ಉಳಿಗಾಲ" ಎಂದ ಹುಡುಗ. ಹಾಗೆಂದರೇನೋ ಎಂದೆ. ಎದ್ದು ನಿಂತು, ಬಲಗೈಯನ್ನು ಬೆನ್ನ ಹಿಂದಿನಿಂದ ದೊಡ್ಡದಾಗಿ ಬೀಸಿ ತೋರಿಸಿದ. ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ಮೇರಿ 6-11ರಿಂದ ಸೋತಳು, ಕಂಚು ಸಿಕ್ಕಿತು. ನನ್ನ ತಲೆಯಲ್ಲಿ ಮಾತ್ರ ಆ ಮಾತು ಉಳಿದುಬಿಟ್ಟಿತು.

ರಾತ್ರಿ ನಿಘಂಟು ತೆರೆದೆ. ಹೇ ಎಂದರೆ ಒಣಹುಲ್ಲು, ಮೇಕರ್ ಎಂದರೆ ಮಾಡುವವರು. ಹುಲ್ಲು ಮಾಡುವವರು! ಹದಿನೈದನೆಯ ಶತಮಾನದಿಂದ ಇಂಗ್ಲಿಷಿನಲ್ಲಿರುವ ಈ ಸಾಧು ಪದಕ್ಕೆ ಬಲವಾದ ಗುದ್ದು ಎಂಬ ಅರ್ಥ ಅಂಟಿಕೊಂಡದ್ದು ತೀರಾ ಈಚೆಗೆ, 1910ರ ದಶಕದ ಹೊತ್ತಿಗೆ, ಅಮೆರಿಕದ ಬಾಕ್ಸಿಂಗ್ ಕಣದ ಮಾತಿನಲ್ಲಿ. ಹುಲ್ಲು ಕೊಯ್ಯುವ ಆಳು ಕುಡುಗೋಲು ಬೀಸಿದಂತೆ ತೋಳು ಬೀಸಿ ಹೊಡೆಯುವ ಪೆಟ್ಟಾದ್ದರಿಂದ ಆ ಹೆಸರು ಎನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಅವರ ಕುಡುಗೋಲು ನಮ್ಮ ಕತ್ತಿಯ ಹಾಗೆ ಬಗ್ಗಿ ಹಿಡಿಯುವಂಥದಲ್ಲ. ಹೆಚ್ಚುಕಡಿಮೆ ಆಳೆತ್ತರದ ಹಿಡಿಕೆ, ಉದ್ದನೆಯ ಬಾಗಿದ ಅಲಗು; ನಿಂತುಕೊಂಡೇ ಸೊಂಟ ತಿರುಗಿಸಿ ಬೀಸಬೇಕು.

ಈ ಪೆಟ್ಟು ಜಾಣರ ಪೆಟ್ಟಲ್ಲವಂತೆ. ದೂರದಿಂದ ಬರುವುದರಿಂದ ಎದುರಾಳಿಗೆ ಮೊದಲೇ ಕಾಣುತ್ತದೆ. ತಪ್ಪಿದರೆ ಹೊಡೆದವನೇ ಆಯ ತಪ್ಪಿ ಮುಗ್ಗರಿಸುತ್ತಾನೆ. ಬಿತ್ತೋ, ಅಲ್ಲಿಗೆ ಆಟ ಮುಗಿಯಿತು. ಹಾಗಾಗಿ ಸೋಲುತ್ತಿರುವವರ ಕೊನೆಯ ಆಸೆ ಅದು. ಈಗಂತೂ ಚುನಾವಣೆಯ ಚರ್ಚೆಯಲ್ಲಿ ಒಬ್ಬರು ಇನ್ನೊಬ್ಬರ ಬಾಯಿ ಮುಚ್ಚಿಸಿದರೂ ಇಂಗ್ಲಿಷ್ ಪತ್ರಿಕೆಯವರು ಇದೇ ಪದ ಬಳಸುತ್ತಾರೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಶಿರಸಿಯ ಕಡೆಯವಳು. ಬ್ಯಾಣದಲ್ಲಿ ಕರಡ ಕೊಯ್ದು ಒಣಗಿಸಿ ಕೊಟ್ಟಿಗೆಯ ಅಟ್ಟ ತುಂಬುವುದನ್ನು ನೋಡಿ ಬೆಳೆದವಳು. ಹುಲ್ಲು ಕೊಯ್ದ ಮಾತ್ರಕ್ಕೆ ಒಣಹುಲ್ಲು ಆಗುವುದಿಲ್ಲ ಎಂದು ನನಗೆ ಗೊತ್ತು. ಆಮೇಲಿನ ಕೆಲಸ ಯಾರದು? ಇಂಗ್ಲೆಂಡಿನಲ್ಲಿ ಅದನ್ನು ಯಾರು ಮಾಡುತ್ತಿದ್ದರು?

ಹುಡುಕಿದಾಗ ಉತ್ತರ ಚಿತ್ರಗಳಲ್ಲೇ ಸಿಕ್ಕಿತು. ಬ್ರೂಗೆಲ್ ಎಂಬ ಚಿತ್ರಕಾರ 1565ರಲ್ಲಿ ಬರೆದ ಹುಲ್ಲು ಸುಗ್ಗಿಯ ಚಿತ್ರದಲ್ಲಿ, ಎಡಗಡೆ ಮೂಲೆಯಲ್ಲಿ ಒಬ್ಬ ಗಂಡಸು ಕುಳಿತು ಕುಡುಗೋಲಿನ ಅಲಗು ತಟ್ಟುತ್ತಿದ್ದಾನೆ. ಮುಂದೆ ಮೂವರು ಹೆಂಗಸರು ಹೆಗಲ ಮೇಲೆ ಹಲ್ಲುಕೋಲು ಹೊತ್ತು ನಡೆಯುತ್ತಿದ್ದಾರೆ. ಇಂಗ್ಲೆಂಡಿನ ಸ್ಟಬ್ಸ್ 1785ರಲ್ಲಿ ಬರೆದ ಚಿತ್ರದ ಹೆಸರೇ ‘ಹೇಮೇಕರ್ಸ್’. ಅಲ್ಲಿಯೂ ಹಲ್ಲುಕೋಲು ಹಿಡಿದವರು ಹೆಂಗಸರೇ.

ಕುಡುಗೋಲು ಬೀಸುವವನಿಗೆ ಇಂಗ್ಲಿಷಿನಲ್ಲಿ ಬೇರೆಯೇ ಹೆಸರಿದೆ, ಮೋವರ್ ಎಂದು. ಅವನು ನಸುಕಿನಲ್ಲಿ ಇಬ್ಬನಿ ಆರುವ ಮೊದಲು ಕೊಯ್ಯುತ್ತಾನೆ. ಹಸಿ ಹುಲ್ಲಿಗೆ ಅಲಗು ಚೆನ್ನಾಗಿ ಹಿಡಿಯುತ್ತದೆ. ಬಿಸಿಲೇರಿದ ಮೇಲೆ ಹೇಮೇಕರ್‌ಗಳ ಸರದಿ. ಹುಲ್ಲನ್ನು ಬಿಡಿಸಿ ಹರವಬೇಕು, ಮಗುಚಬೇಕು, ಸಾಲಾಗಿ ಎಳೆಯಬೇಕು. ರಾತ್ರಿಯ ಇಬ್ಬನಿ ತಾಗದಂತೆ ಸಂಜೆಗೆ ಸಣ್ಣ ಸಣ್ಣ ಗುಪ್ಪೆ ಮಾಡಬೇಕು. ಬೆಳಿಗ್ಗೆ ಮತ್ತೆ ಹರವಬೇಕು. ಮೋಡ ಕಂಡರೆ ಓಡಬೇಕು. ಹಸಿಯಿರುವಾಗಲೇ ಬಣವೆ ಹಾಕಿದರೆ ಒಳಗೇ ಕಾವೇರಿ ಬೆಂಕಿ ಹತ್ತುವುದೂ ಉಂಟು. ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ ಎಂಬ ಇಂಗ್ಲಿಷ್ ಗಾದೆ 1546ರ ಪುಸ್ತಕದಲ್ಲೇ ಇದೆ. ಆ ಗಾದೆಯ ಹಿಂದಿನ ಧಾವಂತ ಬಹುಪಾಲು ಹೆಂಗಸರದು. ಆದರೆ ಪೆಟ್ಟಿನ ಮಾತು ಹುಟ್ಟುವಾಗ ಜನರ ಕಣ್ಣಿಗೆ ಕಂಡದ್ದು ಕುಡುಗೋಲಿನ ಬೀಸು. ಹೆಸರು ಹುಲ್ಲು ಹರವಿದವರದು, ತೋಳು ಕೊಯ್ದವನದು!

ಹೀಗೆ ಕಾಣದೆ ಹೋದದ್ದನ್ನು ಮುನ್ನೂರು ವರ್ಷದ ಹಿಂದೆಯೇ ಒಬ್ಬ ಹೆಂಗಸು ಎತ್ತಿ ಆಡಿದ್ದಳು. ಕತೆ ಹೀಗಿದೆ. ಸ್ಟೀಫನ್ ಡಕ್ ಎಂಬ ಕೂಲಿಯವನು ತೆನೆ ಬಡಿಯುವವರ ಕಷ್ಟದ ಮೇಲೆ ಒಂದು ದೀರ್ಘ ಕವನ ಬರೆದ. 1730ರಲ್ಲಿ ಅದು ಅಚ್ಚಾಗಿ ಹೆಸರಾಯಿತು, ಕ್ಯಾರೊಲಿನ್ ರಾಣಿಯ ಆಶ್ರಯವೂ ಸಿಕ್ಕಿತು. ಅದರಲ್ಲಿ ಹುಲ್ಲುಗಾವಲಿನ ಹೆಂಗಸರನ್ನು ಅವನು ಹಾಸ್ಯ ಮಾಡಿದ್ದ: ಇವರದು ಕೆಲಸಕ್ಕಿಂತ ಹರಟೆಯೇ ಹೆಚ್ಚು ಎಂದು. ಪೀಟರ್ಸ್‌ಫೀಲ್ಡ್ ಎಂಬ ಊರಲ್ಲಿ ಮನೆಮನೆಯ ಬಟ್ಟೆ ಒಗೆದು ಬದುಕುತ್ತಿದ್ದ ಮೇರಿ ಕೋಲಿಯರ್ ಅದನ್ನು ಓದಿದಳು. ಅವನ ಪದ್ಯಗಳನ್ನು ಬಾಯಿಪಾಠವೇ ಮಾಡಿದಳು. ಆಮೇಲೆ ‘ಹೆಂಗಸಿನ ದುಡಿಮೆ’ ಎಂಬರ್ಥದ ಹೆಸರಿಟ್ಟು, ಡಕ್‌ಗೆ ಬರೆದ ಪತ್ರದ ರೂಪದಲ್ಲಿ, ಪದ್ಯದಲ್ಲೇ ಉತ್ತರ ಕೊಟ್ಟಳು. 1739ರಲ್ಲಿ ಅದು ಅಚ್ಚಾಯಿತು.

ಅವಳು ಬೈಯಲಿಲ್ಲ, ಲೆಕ್ಕ ಒಪ್ಪಿಸಿದಳು. ಹುಲ್ಲು ಹರವಿ ಮಗುಚಿದ್ದು ನಾವು. ಸುಗ್ಗಿಯಲ್ಲಿ ಕೂಸನ್ನು ಜೊತೆಗೆ ಹೊತ್ತು ಹೊಲಕ್ಕೆ ಹೋದದ್ದು ನಾವು. ಸಂಜೆ ನೀವು ಮನೆಗೆ ಬರುವಷ್ಟರಲ್ಲಿ ಒಲೆ ಹಚ್ಚಿ ಅಡಿಗೆ ಮಾಡಿ ಹಾಸಿಗೆ ಹಾಸಿದ್ದೂ ನಾವೇ. ಸುಗ್ಗಿ ಮುಗಿದರೆ ಬೆಳಕು ಹರಿಯುವ ಮೊದಲೇ ದೊಡ್ಡ ಮನೆಗಳಿಗೆ ಒಗೆಯಲು ಹೋಗಬೇಕು. ಬೆರಳಿನಿಂದ ರಕ್ತ ಬರುವವರೆಗೆ ಉಜ್ಜಿದರೆ ಕೈಗೆ ಬರುವುದು ಆರೋ ಎಂಟೋ ಪೆನ್ನಿ. ಇದರಲ್ಲಿ ಹರಟೆಗೆ ಬಿಡುವೆಲ್ಲಿ? ನೋಡಿ, ಮುಷ್ಟಿ ಎತ್ತದೆ ಕೊಟ್ಟ ಪೆಟ್ಟು ಇದು. ಅವಳಿಗೆ ಇದರಿಂದ ಹಣವೇನೂ ಆಗಲಿಲ್ಲ. 63ನೆಯ ವಯಸ್ಸಿನವರೆಗೂ ಬಟ್ಟೆ ಒಗೆದಳು.

ಆ ವರ್ಷ ದೀಪಾವಳಿಗೆ ತವರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅಪ್ಪನ ಹಳೆಯ ಲೆಕ್ಕದ ಪುಸ್ತಕ ಇಳಿಸಿದೆ. ಅಪ್ಪ ಪೈಸೆ ಪೈಸೆ ಬರೆದಿಡುತ್ತಿದ್ದವರು. ‘ಕರಡ ಕೊಯ್ಲು, ಆಳು 4’ ಎಂದು ಪ್ರತಿ ವರ್ಷವೂ ಇತ್ತು. ನಾಲ್ಕೂ ಕತ್ತಿ ಹಿಡಿದ ಗಂಡಾಳುಗಳು. ಮೂರು ದಿನ ಬಿಸಿಲಲ್ಲಿ ಬಾಗಿ ಹುಲ್ಲು ಮಗುಚಿದ ಅಮ್ಮ, ಚಿಕ್ಕಮ್ಮ, ಹೊರೆ ಹೊತ್ತ ಪಕ್ಕದ ಮನೆಯ ಹೆಂಗಸರು ಯಾವ ಸಾಲಿನಲ್ಲೂ ಇರಲಿಲ್ಲ. ಅವರಿಗೆ ಕೊಟ್ಟದ್ದು ಊಟ, ಹಬ್ಬಕ್ಕೊಂದು ರವಿಕೆ ಕಣ. ಅಪ್ಪ ಕೆಟ್ಟವರಲ್ಲ. ಅದು ಲೆಕ್ಕಕ್ಕೆ ಬರುವ ಕೆಲಸ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಪುಸ್ತಕವನ್ನು ಅಮ್ಮನ ಮುಂದೆ ಹಿಡಿದೆ. ಕನ್ನಡಕ ಏರಿಸಿಕೊಂಡು ಓದಿದಳು.

"ನಾವೂ ಸೇರಿ ಒಂಬತ್ತು ಜನ ಇರುತ್ತಿದ್ದೆವು ಕಣೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಡಿಗೆ ಮಾಡಿದವಳನ್ನು ಸೇರಿಸಿದರೆ ಹತ್ತು" ಎಂದಳು.